ಬಿಸಿ ಸ್ಕೋನಿನ ಮರುಪರಿಶೀಲನೆ

ಬಾಗಿಲು ಮತ್ತು ಕಿಟಕಿಗಳ ನಿರ್ವಹಣಾ ಇಲಾಖೆಯ ಕ್ಯಾಂಟೀನಿನಲ್ಲಿ ಯಾವುದೇ ಹೊಸ ತಿಂಡಿಯನ್ನು ಸಮಿತಿಯು ರುಚಿ ನೋಡಿ ಒಪ್ಪುವ ತನಕ ಸಿಬ್ಬಂದಿಗೆ ಬಡಿಸತಕ್ಕದ್ದಲ್ಲ. ನಿಯಮ ಇರುವುದು ಸಿಬ್ಬಂದಿಯ ಆರೋಗ್ಯಕ್ಕಾಗಿ. ಸಮಿತಿಯ ಹಸಿವಿನ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಪಾಪ, ಕ್ಯಾಂಟೀನ್ ಅಕ್ಕ ಇದು ತಿಳಿಯದೆ ಸ್ಕೋನ್ ಎಂಬ ಇಂಗ್ಲಿಷ್ ಬನ್ನು ಮಾಡಲು ಹೊರಟಳು. ಮೈದಾಕ್ಕೆ ತಣ್ಣನೆಯ ಬೆಣ್ಣೆಯನ್ನು ಬೆರಳ ತುದಿಯಲ್ಲೇ ಉದುರುದುರಾಗಿ ಬೆರೆಸಿ, ಸಕ್ಕರೆ, ಹಾಲು ಹಾಕಿ, ಜಾಸ್ತಿ ನಾದದೆ ಬಿಲ್ಲೆ ಕತ್ತರಿಸಿ ಓವನ್ನಿಗೆ ಇಟ್ಟಳೆಂದರೆ ಮೇಲಿನ ಮಹಡಿಯಲ್ಲಿ ತೂಕಡಿಸುತ್ತಿದ್ದವರೂ ಎದ್ದು ಕೂರುತ್ತಿದ್ದರು. ಅದನ್ನು ಬಿಸಿಯಿರುವಾಗಲೇ ಒಡೆದು, ಜಾಮು, ಕೆನೆ ಸವರಿ ತಿನ್ನಬೇಕು.

ತಟ್ಟೆಯನ್ನು ಸಮಿತಿಯ ಕೋಣೆಗೆ ಹೊರುತ್ತಿದ್ದವನು ತಿಂಗಳ ಕೊನೆಗೆ ನಿವೃತ್ತನಾಗಲಿದ್ದ ಜವಾನ ತಾತ.

"ನಾನು ಮನೆಗೆ ಹೋಗೋದ್ರೊಳಗೆ ಒಂದಾದ್ರೂ ಬಾಯಿಗೆ ಬೀಳುತ್ತೇನಮ್ಮ?"

"ಮೊದಲನೇದೇ ನಿಮಗೆ ತಾತ. ಮಾತು ಕೊಟ್ಟಿದ್ದೀನಿ."

ಅಧ್ಯಕ್ಷರು ಮೊದಲ ದಿನ ಒಂದು ತಿಂದು, ಒಂದರಿಂದಲೇ ತೀರ್ಮಾನಕ್ಕೆ ಬರುವುದು ಸ್ಕೋನಿಗೆ ಮಾಡುವ ಅನ್ಯಾಯವೆಂದರು. ಮರುದಿನ ತಟ್ಟೆ ತುಂಬ ತರಿಸಿದರು. ಜಾಮು ತಮ್ಮ ವ್ಯಾಪ್ತಿಗೆ ಬರುತ್ತದೆಂದು ಲೆಕ್ಕಪತ್ರ ವಿಭಾಗದವರು, ಕೆನೆಯಲ್ಲಿ ಕಾನೂನಿನ ತೊಡಕಿದೆಯೆಂದು ಕಾನೂನು ವಿಭಾಗದವರು ಬಂದು ಕೂತರು. ಸಿಬ್ಬಂದಿ ಸರದಿಯಲ್ಲಿ ನಿಂತು ಘಮ ಕುಡಿದು ಹೋಗುತ್ತಿದ್ದರು.

ಅಕ್ಕನಿಗೆ ಸಾಕಾಯಿತು. "ಚೆನ್ನಾಗಿದೆಯೋ ಇಲ್ವೋ ಹೇಳ್ಬಿಡಿ ಸಾರ್."

"ತುಂಬಾ ಚೆನ್ನಾಗಿದೆಯಮ್ಮ. ಅದಕ್ಕೇ ಅನುಮಾನ," ಎಂದು ಅಧ್ಯಕ್ಷರು ಬೆರಳು ನೆಕ್ಕಿದರು.

ಬೇಡವೆಂದಾದರೂ ಹೇಳಿ ಬಿಡುಗಡೆ ಮಾಡಲಿ ಎಂದು ಅಕ್ಕ ಮಾರನೇ ದಿನ ಸಕ್ಕರೆ ಬಿಟ್ಟು ಹಿಡಿ ಹಿಡಿ ಉಪ್ಪು ಸುರಿದಳು. ಸಮಿತಿಯವರು ಬಾಯಿಗಿಟ್ಟದ್ದನ್ನು ಕರವಸ್ತ್ರಕ್ಕೆ ಉಗಿದು, ತಮ್ಮ ನೀರನ್ನೂ ಪಕ್ಕದವರ ನೀರನ್ನೂ ಕುಡಿದು, ನಿಂತ ನಿಲುವಿನಲ್ಲೇ ಆದೇಶ ಹೊರಡಿಸಿದರು: "ಸ್ಕೋನ್ ಸಿಬ್ಬಂದಿಗೆ ಸರ್ವಥಾ ಯೋಗ್ಯ. ಹೆಚ್ಚಿನ ಪರಿಶೀಲನೆ ಅನಗತ್ಯ. ಮಾಡುವ ವಿಧಾನವನ್ನು ಬದಲಿಸತಕ್ಕದ್ದಲ್ಲ."

ಮೊದಲನೇದು ತಾತನಿಗೇ ಸಂದಿತು. ಅಕ್ಕ ತಡೆಯುವಷ್ಟರಲ್ಲಿ ಅವನು ಕಚ್ಚಿ, ಅಗಿದು, ನುಂಗಿಯೂ ಬಿಟ್ಟ. "ಚೆನ್ನಾಗಿದೆ ಕಣಮ್ಮ," ಎಂದ. ಕಣ್ಣಲ್ಲಿ ನೀರಿತ್ತು.

ಅಕ್ಕ ಅವನ ಕೈಗೆ ನೀರಿನ ಲೋಟ ಕೊಟ್ಟಳು. ಸೆರಗಿಗೆ ಕೈ ಒರೆಸಿಕೊಂಡು ನೇರ ಅಧ್ಯಕ್ಷರ ಮುಂದೆ ನಿಂತಳು.

"ಸಾರ್, ಉಪ್ಪು ತೆಗೆದು ಸಕ್ಕರೆ ಹಾಕೋಣ ಅಂತಿದ್ದೀನಿ."

ಅಧ್ಯಕ್ಷರ ಮುಖ ಅರಳಿತು. "ಅದು ತಿದ್ದುಪಡಿ ಆಗುತ್ತಮ್ಮ. ಮತ್ತೆ ಪರಿಶೀಲನೆ ಮಾಡಬೇಕಾಗುತ್ತೆ."

"ಮಾಡಿ ಸಾರ್. ಆದ್ರೆ ಹಳೇದಕ್ಕೂ ಹೊಸದಕ್ಕೂ ಹೋಲಿಸಿ ಹೇಳೋರು ಬೇಕಲ್ಲ? ಹಳೇದನ್ನ ನುಂಗಿದವರು ತಾತ ಒಬ್ರೇ. ನೀವೆಲ್ಲ ಉಗಿದ್ಬಿಟ್ರಿ."

ವಾದದಲ್ಲಿ ಲೋಪ ಕಾಣಲಿಲ್ಲ. ತಾತನನ್ನು ತಜ್ಞ ಸದಸ್ಯನನ್ನಾಗಿ ನೇಮಿಸಲಾಯಿತು. ಪರಿಶೀಲನೆ ನಡೆಯುತ್ತಿರುವಾಗ ಸದಸ್ಯರು ನಿವೃತ್ತರಾಗುವಂತಿಲ್ಲವಾದ್ದರಿಂದ ಅವನ ಸೇವೆಯನ್ನೂ ವಿಸ್ತರಿಸಲಾಯಿತು.

ಮರುದಿನ ತಾತ ಆ ಕೋಣೆಯಲ್ಲಿ ಮೊದಲ ಸಲ ಕುರ್ಚಿಯ ಮೇಲೆ ಕೂತ. ಅಧ್ಯಕ್ಷರೇ ಜಾಮು ದಾಟಿಸಿದರು. ತಾತ ಬಿಸಿ ಸ್ಕೋನನ್ನು ಒಡೆದು, ಕೆನೆ ಕರಗುವುದನ್ನು ನೋಡಿ, ಕಣ್ಣು ಮುಚ್ಚಿ ತಿಂದ. ಎಲ್ಲರೂ ಅಭಿಪ್ರಾಯಕ್ಕೆ ಕಾದರು.

"ಸರಿಯಾಗಿ ಗೊತ್ತಾಗ್ಲಿಲ್ಲ ಸಾರ್. ನಾಳೆ ಇನ್ನೊಂದ್ಸಲ ನೋಡೋಣ."

ಅಭಿಪ್ರಾಯವನ್ನು ಒಮ್ಮತದಿಂದ ಅಂಗೀಕರಿಸಲಾಯಿತು. ಅದನ್ನೇ ಇವತ್ತಿಗೂ ದಿನಾ ಅಂಗೀಕರಿಸಲಾಗುತ್ತಿದೆ.

ಕೆಳಗೆ ಸಿಬ್ಬಂದಿ ಒಪ್ಪಿಗೆ ಪಡೆದ ಸ್ಕೋನನ್ನೇ ಟೀಯಲ್ಲಿ ಅದ್ದಿ ತಿನ್ನುತ್ತಿದ್ದಾರೆ. ಈಚೆಗೆ ಉಪ್ಪು ಸ್ವಲ್ಪ ಕಡಿಮೆಯಾಗಿದೆಯೆಂದು ದೂರು ಕೊಟ್ಟಿದ್ದಾರೆ.