ರಶೀದನ ನಗುವೂ ನನ್ನ ಪಟಾಪಟಿಯೂ

ಸತ್ತವರು ಸುಮ್ಮನಿರುತ್ತಾರೆ ಎಂದು ನಂಬಿದ್ದವನು ನಾನು. ಅಬ್ದುಲ್ ರಶೀದ್ ಹೋಗಿ ಎರಡು ತಿಂಗಳಾಗುತ್ತ ಬಂತು. ನನ್ನ ಮಾನ ಕಳೆಯುವ ಕೆಲಸವನ್ನು ಮಾತ್ರ ಅವನಿನ್ನೂ ಬಿಟ್ಟಿಲ್ಲ.

ರಶೀದ್ ಗುಬ್ಬಿಯಲ್ಲಿ ತೆಂಗಿನಕಾಯಿ ಮಂಡಿ ಇಟ್ಟಿದ್ದ. ನಾನು ತುಮಕೂರಿನ ಕಾಲೇಜೊಂದರಲ್ಲಿ ಕನ್ನಡ ಮೇಷ್ಟ್ರು. ಹುಡುಗರಾಗಿದ್ದಾಗಿನಿಂದ ಸ್ನೇಹ. ಅವನ ಮಗಳು ಜೈಬಾ ಗಂಡನ ಜೊತೆ ಮಸ್ಕತ್‌ನಲ್ಲಿದ್ದಾಳೆ. ಅಪ್ಪ ತೀರಿಕೊಂಡಾಗ ಹಸಿ ಬಾಣಂತಿ, ಮಣ್ಣಿಗೆ ಬರಲಾಗಲಿಲ್ಲ. ಹೋದ ವಾರ ಫೋನ್ ಮಾಡಿದಳು.

"ಅಂಕಲ್, ನಮ್ಮನೇಲಿರೋ ಫೋಟೋದಲ್ಲೆಲ್ಲ ಅಬ್ಬಾ ಪಾಸ್‌ಪೋರ್ಟಿಗೆ ಕೂತಂಗೆ ಕೂತವ್ರೆ. ನಗ್ತಿರೋದು ಒಂದೂ ಇಲ್ಲ. ನಿಮ್ಮ ಡಿಜಿಟಲ್ ಕ್ಯಾಮೆರಾದಲ್ಲಿ ಇದ್ರೆ ಆರ್ಕುಟ್‌ಗೆ ಹಾಕಿ. ನಮ್ಮೋರೆಲ್ಲ ನೋಡ್ಲಿ."

"ಅದೇನ್ ಮಹಾ, ಹಾಕ್ತೀನಿ ಬಿಡಮ್ಮ" ಎಂದೆ. (ಮೇಷ್ಟ್ರುಗಳು ಗೊತ್ತಿಲ್ಲದ ಕೆಲಸವನ್ನೇ ಮೊದಲು ಒಪ್ಪಿಕೊಳ್ಳುವುದು. ಆ ಆರ್ಕುಟ್ ಖಾತೆಯನ್ನೂ ನನ್ನ ವಿದ್ಯಾರ್ಥಿಗಳೇ ತೆರೆದುಕೊಟ್ಟಿದ್ದರು.)

ರಶೀದ್ ಕ್ಯಾಮೆರಾ ಕಂಡರೆ ಟೋಪಿ ಸರಿಮಾಡಿಕೊಂಡು, ಉಸಿರು ಬಿಗಿಹಿಡಿದು, ತಪ್ಪೊಪ್ಪಿಕೊಳ್ಳಲು ಬಂದವನಂತೆ ನಿಲ್ಲುತ್ತಿದ್ದ. ಕಂಪ್ಯೂಟರನ್ನೆಲ್ಲ ಜಾಲಾಡಿದ ಮೇಲೆ ನಗುತ್ತಿರುವ ರಶೀದ್ ಒಬ್ಬನೇ ಒಬ್ಬ ಸಿಕ್ಕಿದ. ಬಾಯಿ ಅಗಲ, ಕಣ್ಣು ಮುಚ್ಚಿವೆ, ಒಂದು ಕೈ ಹೊಟ್ಟೆಯ ಮೇಲೆ. ನಗು ಕಿವಿಗೇ ಕೇಳಿಸಿದಂತಾಗಿ ಸ್ವಲ್ಪ ಹೊತ್ತು ಮೌಸ್ ಬಿಟ್ಟು ಕೂತೆ. ಆಮೇಲೆ ಅವನ ಇನ್ನೊಂದು ಕೈ ಎಲ್ಲಿದೆ ಎಂದು ನೋಡಿದೆ. ನನ್ನ ಹೆಗಲ ಮೇಲಿತ್ತು. ನಾನು ಪಟಾಪಟಿ ಚಡ್ಡಿಯಲ್ಲಿದ್ದೆ.

ಆದದ್ದಿಷ್ಟು. ಅವನ ಮಂಡಿಯಲ್ಲಿ ಆಳುಗಳು ನೆಲಕ್ಕೆ ನೆಟ್ಟ ಹಾರೆಗೆ ಕಾಯಿ ಕುಕ್ಕಿ ಸಿಪ್ಪೆ ಸುಲಿಯುವುದನ್ನು ಕಂಡು, ಇದೇನು ಬ್ರಹ್ಮವಿದ್ಯೆಯೇ ಎಂದು ನಾನೂ ರಣರಂಗಕ್ಕೆ ಇಳಿದಿದ್ದೆ. ಕಾಯಿ ತಪ್ಪಿತು. ಹಾರೆ ಪಂಚೆಯನ್ನು ಹಿಡಿಯಿತು. ನಾನು ಹಿಂದಕ್ಕೆ ನೆಗೆದೆ. ಪಂಚೆ ಜೊತೆಗೆ ಬರಲಿಲ್ಲ. ಫೋಟೋ ತೆಗೆದವಳು ನನ್ನ ಧರ್ಮಪತ್ನಿ ನೇತ್ರಾವತಿ. (ಪತಿಯ ಮಾನಭಂಗವಾಗುವಾಗ ಸೆರಗು ಹಿಡಿದು ಓಡಿಬರುವ ಬದಲು ಫ್ಲ್ಯಾಶ್ ಹಾಕಿದ ಸಾಧ್ವಿ.)

"ಹಾಕ್ಬಿಡಿ, ಚೆನ್ನಾಗದೆ" ಎಂದಳು, ಬೆನ್ನ ಹಿಂದೆ ಬಂದು ನಿಂತು.

"ನನ್ನ ಸ್ಟೂಡೆಂಟ್ಸೆಲ್ಲ ಅಲ್ಲೇ ಬಿದ್ದಿರ್ತಾರೆ ಕಣೇ. ನಾಳೆ ನಾನು ಹಳಗನ್ನಡ ಪಾಠ ಮಾಡೋದು ಬೇಡ್ವಾ?"

"ಚಡ್ಡಿ ಹಾಕ್ಕೊಂಡಿದೀರಲ್ಲ, ಅದೇ ಪುಣ್ಯ."

ನನ್ನನ್ನು ನಾನೇ ಕತ್ತರಿಸಿ ತೆಗೆಯುವುದೆಂದು ತೀರ್ಮಾನಿಸಿದೆ. ಕತ್ತರಿಸಿದೆ. ನನಗೆ ಒರಗಿ ನಿಂತಿದ್ದ ರಶೀದ್ ಈಗ ಗಾಳಿಗೆ ಒರಗಿದ; ಅವನ ಕೈ ಮಣಿಕಟ್ಟಿಗೇ ಮುಗಿದಿತ್ತು.

"ರಶೀದಣ್ಣ ಬೀಳ್ತಾವ್ರೆ, ಹಿಡ್ಕೊಳ್ರೀ" ಎಂದಳು ನೇತ್ರಾವತಿ.

ಚಿತ್ರವನ್ನೇ ತಿರುಗಿಸಿ ಅವನನ್ನು ನೆಟ್ಟಗೆ ನಿಲ್ಲಿಸಿದೆ. ಅವನು ನಿಂತ. ಹಿಂದಿದ್ದ ಗೋಡೆ, ಕಾಯಿ ರಾಶಿ, ನಿಲ್ಲಿಸಿದ್ದ ಲಾರಿ ಎಲ್ಲವೂ ವಾಲಿಕೊಂಡವು.

"ಗುಬ್ಬೀಲಿ ಭೂಕಂಪ ಆಯ್ತು ಅಂದ್ಕೋತಾರೆ."

ಕೊನೆಗೆ ಮೂಲ ಚಿತ್ರಕ್ಕೇ ಮರಳಿ, ಬಣ್ಣ ಬಳಿಯುವ ಪ್ರೋಗ್ರಾಂ ತೆರೆದು, ಪಟಾಪಟಿಯ ಮೇಲೆ ಸೊಂಟದಿಂದ ಪಾದದವರೆಗೆ ಶುಭ್ರ ಶ್ವೇತ ಪಂಚೆಯೊಂದನ್ನು ನನ್ನ ಕೈಯಾರೆ ಉಡಿಸಿದೆ.

"ಏನ್ರೀ ಇದು, ಮೈಲಿಗಲ್ಲಾ?"

"ಇರು, ಅಂಚು ಹಾಕ್ತೀನಿ."

"ಅಂಚು ಬೇಡ. ಗುಬ್ಬಿ ಎಷ್ಟು ಕಿಲೋಮೀಟ್ರು ಅಂತ ಬರೀರಿ."

ಫೋಟೋಗಳನ್ನು ಸಣ್ಣದು ಮಾಡಿ ಹಾಕಬೇಕೆಂದು ಯಾರೋ ಹೇಳಿದ್ದು ನೆನಪಾಯಿತು. ಇದಕ್ಕಿಂತ ಒಳ್ಳೆಯ ಸಲಹೆ ನನಗೆ ಯಾರೂ ಕೊಟ್ಟಿರಲಿಲ್ಲ. ಮೈಲಿಗಲ್ಲು ಕಾಣದಷ್ಟು ಸಣ್ಣದು ಮಾಡಿದೆ. ಹಾಕಿದೆ. ಎಲೆ ಅಡಿಕೆ ಮೆಲ್ಲುತ್ತ ವಿಜಯಿಯಂತೆ ಕೂತೆ.

ಸ್ವಲ್ಪ ಹೊತ್ತಿಗೆ ಜೈಬಾಳ ಫೋನು.

"ಅಂಕಲ್, ಅಂಚೆಚೀಟಿ ಥರ ಇದೆ. ದೊಡ್ಡದು ಮಾಡಿದ್ರೆ ಅಬ್ಬಾ ಮುಖ ಬರೀ ಚೌಕ ಚೌಕ. ಪಕ್ಕದಲ್ಲಿ ಅದೇನು, ಫ್ರಿಜ್ಜಾ?"

"ಹಾಂ... ಆ ಥರದ್ದೇ."

"ಅಬ್ಬಾ ಏನ್ ನೋಡಿ ನಗ್ತಿದ್ರು?"

ನಾನು ಬಾಯಿಯಲ್ಲಿದ್ದ ಅಡಿಕೆಯನ್ನು ಆ ಕೆನ್ನೆಯಿಂದ ಈ ಕೆನ್ನೆಗೆ ಸಾಗಿಸಿದೆ.

"ಮಂಡೀಲಿ ನಿಮ್ದು ಏನೋ ಆಯ್ತು ಅಂತ ಅಬ್ಬಾ ಒಂದ್ಸಲ ಫೋನಲ್ಲಿ ಹೇಳೋಕ್ ಬಂದ್ರು. ನಗು ತಡೀಲಾರ್ದೆ, ಆಮೇಲ್ ಹೇಳ್ತೀನಿ ಅಂತ ಇಟ್ಬಿಟ್ರು. ಆಮೇಲೆ..."

ಹಳಗನ್ನಡ ಪಾಠ ಯಾರಿಗೆ ಬೇಕು. "ಫೋನ್ ಇಡ್ಬೇಡಮ್ಮ" ಎಂದು ಹೇಳಿ, ಕತ್ತರಿಸದ, ಬಳಿಯದ, ಸಣ್ಣದು ಮಾಡದ ಮೂಲ ಚಿತ್ರವನ್ನೇ ಹಾಕಿಬಿಟ್ಟೆ.

ಮಸ್ಕತ್‌ನಲ್ಲಿ ಅದು ಮೇಲಿಂದ ಕೆಳಗೆ ನಿಧಾನವಾಗಿ ಇಳಿಯತೊಡಗಿತು. "ಟೋಪಿ ಬಂತು" ಎಂದಳು. "ಕಣ್ಣು ಬಂತು." "ನಗು ಬಂತು." ಆಮೇಲೆ ಚಿತ್ರ ನನ್ನ ಸೊಂಟದ ಕೆಳಗೆ ಇಳಿದಿರಬೇಕು. ಆ ಕಡೆಯಿಂದ ಬಿಕ್ಕಿದಂಥ ಸದ್ದು ಬಂತು. ಅಳುತ್ತಿದ್ದಾಳೆ ಎಂದು ಗಾಬರಿಯಾದೆ. ಅಳುವಲ್ಲ. ನಗುತ್ತಿದ್ದಳು. ಅವಳ ಸದ್ದಿಗೆ ಎಚ್ಚರಗೊಂಡ ಮಗು ಕಿರುಚತೊಡಗಿತು. ಅದನ್ನು ಸಮಾಧಾನ ಮಾಡಲೂ ಅವಳಿಗೆ ಉಸಿರಿರಲಿಲ್ಲ.

"ಅಂಕಲ್, ಇನ್ನೂ ಇದ್ರೆ ಹಾಕಿ" ಎಂದಳು ಕೊನೆಗೆ.

"ಇದೊಂದೇ ಇರೋದು ಕಣಮ್ಮ."

ನೇತ್ರಾವತಿ ನನ್ನ ಕೈಯಿಂದ ಫೋನ್ ಕಿತ್ತುಕೊಂಡಳು. "ಯಾರ್ ಹೇಳಿದ್ದು? ಮಾನ ಹೋಯ್ತದೆ ಅಂತ ಇವ್ರು ಅಳಿಸೋಕ್ ಮುಂಚೆನೇ ಎಲ್ಲಾನೂ ಸಿ.ಡಿ.ಗೆ ಹಾಕಿಸಿ ಬೀರುವಲ್ಲಿ ಮಡಗಿದೀನಿ. ಕುಣಿಗಲ್ ಕೆರೆ ಏರಿಯಿಂದ ಉರುಳಿದ್ದದೆ. ಯಡಿಯೂರಲ್ಲಿ ಬಾಳೆಹಣ್ಣಿನ ಸಿಪ್ಪೆ ಮೇಲೆ ಕಾಲಿಟ್ಟಿದ್ದದೆ. ರಶೀದಣ್ಣ ನಕ್ಕಿರೋ ಕಡೆಯೆಲ್ಲ ಇವ್ರು ಬಿದ್ದವ್ರೆ ಕಣಮ್ಮ."

ಆಮೇಲೆ ನನ್ನತ್ತ ತಿರುಗಿ, "ಏಳ್ರೀ, ಕುರ್ಚಿ ಬಿಡಿ" ಎಂದಳು.

ನಾನು ಎದ್ದು, ಬೀರುವಿನ ಬೀಗದ ಕೈ ತಂದುಕೊಟ್ಟೆ.