ಚರ್ಚಾಸ್ಪರ್ಧಾದ ಢಾಲು, ನನ್ನ ಹೆಗಲು

ಚರ್ಚಾಸ್ಪರ್ಧಾ ಅಂದ್ರ ಮಾತಾಡೋರು ಹುಡುಗರು, ನಗಿಪಾಟಲಾಗೋರು ನಮ್ಮಂಥವರು. ನಾ ಸಾಲಿ ಕಟ್ಟಿ ಹತ್ತಿದಂವ ಅಲ್ಲ, ಆದ್ರ ಕನ್ನಡ ನಾಡು ಒಂದಾದ ಹೊಸತರಾಗ ಧಾರವಾಡದ ಒಂದು ಕಾಲೇಜಿನ ಸಿಪಾಯಿ, ಅಂದ್ರ ಜವಾನ. ವರ್ಷಕ್ಕೊಮ್ಮೆ ಸ್ಪರ್ಧಾ ನಮ್ಮಲ್ಲೇ ನಡೀತಿತ್ತು, ಗಂಟಿ ನನ್ನ ಕೈಯಾಗ. ನಾ ಹೊಡದ್ರ ದೂರದ ಉಪ್ಪಿನಬೆಟಗೇರಿ ಊರಿನ ದನಾ ಮೇಯೋದು ಬಿಟ್ಟು ಮನಿ ಹಾದಿ ಹಿಡೀತಿದ್ದವು.

ಆದ್ರೂ ಮೆರೀತಿದ್ದಂವ ಹುಬ್ಬಳ್ಳಿ ಕಾಲೇಜಿನ ಸಿಪಾಯಿ, ಅಲ್ಲಿಯ ಕಮರಿಪೇಟಿ ಓಣಿಯಂವ. ಪ್ರತಿ ವರ್ಷ ಅವರ ಹುಡುಗರು ಗೆದ್ದು, ಬಹುಮಾನದ ಬೆಳ್ಳಿ ಢಾಲು ಅವನ ಹೆಗಲಿಗೆ ಹೊರಿಸಿ, ಗುಲಾಲು ಹಾರಿಸಿ ಸ್ಟೇಶನ್ ತನಕ ಮೆರವಣಿಗಿ. ಅಂಗಡಿಯವರು ಎದ್ದು ನಿಂತು ನೋಡವ್ರು. ಒಂದ ಸಲಾ ಆ ಢಾಲು ನನ್ನ ಹೆಗಲಿಗೆ ಬರಬೇಕಂತ ಜೀವ ಒದ್ದಾಡತಿತ್ತು.

೧

ನಾಕು ನಿಮಿಷಕ್ಕ ಒಂದು ಗಂಟಿ, ಐದಕ್ಕ ಎರಡು. ಎರಡಾದ್ರ ಮಾತು ಬಂದ್. ಗಡಿಯಾರ ನೋಡೋ ಮಾಸ್ತರು ಬೆರಳೆತ್ತಿದಾಗ ನಾ ಹೊಡೀಬೇಕು. ಆ ವರ್ಷ ಹುಬ್ಬಳ್ಳಿ ಹುಡುಗ 'ಸಿನಿಮಾದಿಂದ ವಿದ್ಯಾರ್ಥಿಗಳು ಕೆಡುತ್ತಾರೆ' ಅಂತ ಮಾತಾಡೋವಾಗ ಮಾಸ್ತರಿಗೆ ತೂಕಡಿಕಿ. ಅವ ಸೋಲಲಿ ಅಂತ ನಾ ಅರ್ಧಕ್ಕ ಎರಡೂ ಗಂಟಿ ಹೊಡದುಬಿಟ್ಟೆ. ಹುಡುಗ ಕೈಮುಗದು ಕುಂತ.

ತೀರ್ಪುಗಾರರು, "ಎಷ್ಟು ಅಡಕ ಮಾತು, ಎಲ್ಲಾರೂ ಕಲೀಬೇಕು" ಅಂತ ಅವಗ ಮೊದಲನೇ ಬಹುಮಾನ ಕೊಟ್ರು.

ಕಮರಿಪೇಟಿಯಂವ ಬಂದು, "ಉಪಕಾರ ಆತ್ರಿ ಕಾಕಾ. ಮುಂದಿಂದು ಅವಗ ಬಾಯಿಪಾಠ ಆಗಿರಲಿಲ್ಲ" ಅಂದ.

೨

ಮುಂದಿನ ವರ್ಷ ಉಪಾಯ ತಿರುವಿದೆ. ನಮ್ಮ ಹುಡುಗ ಬೇಕಾದಷ್ಟು ಮಾತಾಡಲಿ ಅಂತ ಗಂಟೀನ ಹೊಡೀಲಿಲ್ಲ. ಮಾಸ್ತರು ಬೆರಳು ಎತ್ತಿ ಎತ್ತಿ ಸೋತರು. ಆದ್ರ ಹುಡುಗನ ಹತ್ರ ಇದ್ದದ್ದ ಐದು ನಿಮಿಷದ ಬಾಯಿಪಾಠ. ಅದು ಮುಗೀತು. ಗಂಟಿ ಆಗದ ಇಳಿಯೂದು ಹೆಂಗಂತ ನನ್ನ ಮಾರಿ ನೋಡಿದ. "ಹೇಳಪಾ, ಹೇಳು" ಅಂತ ಕೈ ಮಾಡಿದೆ. ಬೆವರು ಒರಿಸಿಕೊಂಡು 'ಮಾನ್ಯ ಅಧ್ಯಕ್ಷರೇ' ಅಂತ ಮೊದಲಿಂದ ಸುರು ಮಾಡಿದ. ಎರಡನೇ ಸಲಾ ಮುಗಿಯೂದ್ರಾಗ ಕುಂತ ಮಂದೀನೂ ಅವನ ಕೂಡ ಹೇಳಾಕತ್ತಿದ್ರು.

೩

ಅದರ ಮುಂದಿನ ವರ್ಷ ನಾ ಏನೂ ಮಾಡಲಿಲ್ಲ, ಆದ್ರೂ ನಮ್ಮವರೇ ಮೊದಲನೇದವರಾಗಿ ಗೆದ್ರು. ನಾ ಹೊಸಾ ರುಮಾಲು ಸುತ್ತಿ, ಹೆಗಲ ಮ್ಯಾಲೆ ವಲ್ಲಿ ಹಾಕ್ಕೊಂಡು ವೇದಿಕಿ ಕೆಳಗ ತಯಾರ.

ನಮ್ಮ ಪ್ರಿನ್ಸಿಪಾಲರು ಎದ್ದು, "ಸ್ಪರ್ಧಾ ನಡಿಸಿದವರು ಢಾಲು ಇಟ್ಕೊಳ್ಳೋ ಪದ್ಧತಿ ಇಲ್ಲ. ಎರಡನೇದವರಿಗೆ ಕೊಡತೇವಿ" ಅಂದ್ರು. ನಮ್ಮವರು ಹಿಂದ ಎಂದೂ ಗೆದ್ದಿರಲಿಲ್ಲ. ಈ ಪದ್ಧತಿ ನನಗ ಹೆಂಗ ಗೊತ್ತಾಗಬೇಕು? ಎರಡನೇದವರು ಹುಬ್ಬಳ್ಳಿಯವರು.

ಕಮರಿಪೇಟಿಯಂವ ಢಾಲು ತಗೊಂಡು ಬಂದು, "ಕಾಕಾ, ಪ್ರತಿ ವರ್ಷ ಹೊತ್ತು ಹೊತ್ತು ಹೆಗಲು ಹಿಡಕೊಂಡೈತ್ರಿ. ಸ್ಟೇಶನ್ ತನಕ ಹೊರತೀರೇನು?" ಅಂದ.

ನನಗ ಸಿಟ್ಟು ಬರೂದ್ರಾಗ ಹೆಗಲು ಮುಂದ ಹೋಗಿತ್ತು. ಗುಲಾಲು ಹಾರಿತು, ಅಂಗಡಿಯವರು ಎದ್ದು ನಿಂತ್ರು. "ನಿಮ್ಮವರು ಗೆದ್ರೇನ್ರಿ?" ಅಂತ ಕೇಳಿದವರಿಗೆಲ್ಲ "ಹೌದ್ರಿ" ಅಂದೆ. ಅದು ಖರೇನ ಇತ್ತಲ್ಲ.

ರೈಲು ಬಂದ್ರೂ ಇಳಸಲಿಲ್ಲ. ಅವರ ಕೂಡ ರೈಲು ಹತ್ತಿ ಹುಬ್ಬಳ್ಳಿ ತನಕ ಹೊತ್ತುಕೊಂಡ ನಿಂತೆ, ಅವರ ಕಾಲೇಜಿನ ಬಾಗಿಲಿಗೆ ಮುಟ್ಟಿಸಿದೆ. ಅವರ ಪ್ರಿನ್ಸಿಪಾಲರು ನನ್ನ ಬೆನ್ನು ತಟ್ಟಿ, ಕಮರಿಪೇಟಿಯವನ ಕಡೆ ಹೊಳ್ಳಿ ಅಂದ್ರು: "ಈ ಹೊಸಾ ಸಿಪಾಯಿನ್ನ ನೋಡಿ ಸ್ವಲ್ಪ ಕಲಿಯೋ."