ನಮ್ಮ ಜಗಲಿಯ ರಾಜರು, ಎದುರು ಜಗಲಿಯ ಕತ್ತೆಗಳು

“ಬನ್ರಪ್ಪೋ ಬನ್ನಿ, ಬನ್ರವ್ವೋ ಬನ್ನಿ! ಆಷಾಢ ಅಂದ್ಬುಟ್ಟು ಮನೇಲಿ ಕುಂತ್ಕಂಡು ಗೋಡೆ ನೋಡ್ಬೇಡಿ. ಎದುರು ಜಗಲೀಲಿ ಆಡೋ ಚೌಕಾಬಾರ ನಮ್ಮಜ್ಜಿ ಕಾಲದ್ದು. ಕವಡೆ ಆಕು, ಕಾಯಿ ನಡ್ಸು, ಎದ್ದೋಗು, ಅಷ್ಟೇಯ! ನಮ್ಮದು ಅಂಗಲ್ಲ. ಇಲ್ಲಿ ಕವಡೆ ಮುಟ್ಟೋಕೆ ಮುಂಚೆ ಒಂದು ಪಾತ್ರ ತಕಬೇಕು. ಕತ್ತೆ ಆದೋನು ಕತ್ತೆ ಅಂಗೇ ಇರ್ಬೇಕು, ಎಮ್ಮೆ ಆದೋಳು ಎಮ್ಮೆ ಅಂಗೇ. ಪಾತ್ರ ಮರೆತು ಮನುಷ್ಯರಂಗೆ ಆಡುದ್ರೆ ಕಾಯಿ ವಾಪಸ್ಸು ಮೊದಲ್ನೇ ಮನೆಗೆ! ನಕ್ಕೂ ನಕ್ಕೂ ಒಟ್ಟೆ ಉಣ್ಣಾಗ್ದಿದ್ರೆ ನನ್ನ ಎಸ್ರು ರುದ್ರಾಣಿ ಅಲ್ಲ. ಮೇಲಿಂದ ಆಡ್ದೋರ್ಗೆಲ್ಲ ಒಂದು ಬೊಗಸೆ ಕಡ್ಲೆಪುರಿ! ಸೋತೋರ್ಗೂ ಉಂಟು!”

ಹೀಗೆ ಸಾರಿದವಳು ನಮ್ಮೆದುರು ಮನೆಯ ರುದ್ರಾಣಿ. ನಮ್ಮದು ಕೊಳ್ಳೇಗಾಲದ ನೇಕಾರರ ಬೀದಿ. ಅವಳ ಜಗಲಿಗೂ ನನ್ನ ಜಗಲಿಗೂ ನಡುವೆ ಒಂದು ಎತ್ತಿನ ಗಾಡಿ ಹೋಗುವಷ್ಟು ದಾರಿ. ನಾನು ಸೊಸೆಯಾಗಿ ಬಂದಾಗಿನಿಂದ ಆಷಾಢದ ಚೌಕಾಬಾರವೆಂದರೆ ರಂಗಮ್ಮನ, ಅಂದರೆ ನನ್ನ, ಜಗಲಿ ಎಂದೇ ಹೆಸರು. ಅಂಥ ಸಾಮ್ರಾಜ್ಯ ಅವಳು ಕೂಗಿ ಮುಗಿಸುವಷ್ಟರಲ್ಲಿ ಖಾಲಿ! ನಮ್ಮ ಬೆಕ್ಕು ಕೂಡ ಮೈಮುರಿದು, ನನ್ನ ಮುಖ ನೋಡದೆ, ದಾರಿ ದಾಟಿ ಹೋಯಿತು.

ಕೊನೆಗೆ ಎದ್ದವರು ನಮ್ಮ ಯಜಮಾನರು, ನಂಜುಂಡಯ್ಯನವರು.

“ನೀವೆಲ್ಲಿಗೆ?” ಅಂದೆ.

“ಕತ್ತೆ ಪಾತ್ರ ಒಂದು ಖಾಲಿ ಐತಂತೆ ಕನೇ.”

“ಈ ವಯಸ್ನಲ್ಲಿ ಕತ್ತೆ ಆಗ್ತೀರಾ?”

“ಮನೇಲಿ ದಿನಾ ಅದೇ ಪಾತ್ರ ತಾನೇ? ಅಲ್ಲಾದ್ರೆ ಕಡ್ಲೆಪುರಿ ಕೊಡ್ತಾರೆ.”

ಆ ಗಳಿಗೆಯಲ್ಲೇ ಕವಡೆ ಮುಷ್ಟಿಯಲ್ಲಿ ಹಿಡಿದು ಶಪಥ ಮಾಡಿದೆ. ಈ ಬೀದಿಯೇನು, ಹನೂರಿನಿಂದ ಯಳಂದೂರಿನವರೆಗೆ ಜನ ಬುತ್ತಿ ಕಟ್ಟಿಕೊಂಡು ನನ್ನ ಜಗಲಿಗೆ ಆಡಲು ಬರಬೇಕು! ರುದ್ರಾಣಿಯ ಕತ್ತೆಗಳು ನನ್ನ ಬಾಗಿಲಲ್ಲಿ ಬಂದು ಅರಚಬೇಕು! (ಈ ಎರಡನೆಯ ಮಾತು ಅಕ್ಷರಶಃ ನಿಜವಾಗುತ್ತದೆಂದು ಆಗ ಯಾರಿಗೆ ಗೊತ್ತಿತ್ತು?)

ನಾನು ಓದಿದ್ದು ಅಕ್ಷರ ಕೂಡಿಸುವಷ್ಟು ಮಾತ್ರ. ಆದರೆ ರಾಟೆ ಮುಂದೆ ನೂಲು ಸುತ್ತುತ್ತಾ ಕುಳಿತವಳಿಗೆ ಕಿವಿ ಬಿಡುವಾಗಿರುತ್ತದೆ. ಬೀದಿಯಲ್ಲಿ ಯಾರು ಯಾವುದಕ್ಕೆ ನಿಟ್ಟುಸಿರು ಬಿಡುತ್ತಾರೆಂದು ನನ್ನಷ್ಟು ಬಲ್ಲವರಿಲ್ಲ. ಮೂಲೆಮನೆ ಸುಬ್ಬಯ್ಯನಿಗೆ ಹುಟ್ಟಿದಾಗಿನಿಂದ ಒಂದೇ ಆಸೆ, ತನ್ನ ಒಂದು ಮಾತನ್ನಾದರೂ ಯಾರಾದರೂ ಕೇಳಬೇಕು. ಮಗ್ಗದ ಪುಟ್ಟಸಿದ್ದಯ್ಯನಿಗೆ ಒಂದು ದಿನವಾದರೂ ಕಾಲು ನೀಡಿ ಕೂರಬೇಕು. ಅಂಥವರಿಗೆ ಕತ್ತೆಯ ಪಾತ್ರ ಕೊಡುವುದೆ? ಛೆ! ಮಾರನೆಯ ದಿನವೇ ಡಂಗುರ ಹೊಡೆದೆ: “ರಂಗಮ್ಮನ ಜಗಲೀಲಿ ಎಲ್ಲರೂ ರಾಜರೇ!”

ಬಂದರು ನೋಡಿ! ಸುಬ್ಬಯ್ಯ ಕೊಳ್ಳೇಗಾಲದ ರಾಜ, ಪುಟ್ಟಸಿದ್ದಯ್ಯ ಹನೂರಿನ ರಾಜ, ಮಾದಸ್ವಾಮಿ ಯಳಂದೂರಿನ ರಾಜ. ಚನ್ನಾಜಮ್ಮನಿಗೆ “ನೀನು ರಾಣಿ ಆಗವ್ವ” ಅಂದರೆ ಒಪ್ಪಲಿಲ್ಲ.

“ಬ್ಯಾಡ ಕನಕ್ಕ. ರಾಣಿ ಅಂದ್ರೂ ಕೊನೇಗೆ ಒಲೆ ಮುಂದಕ್ಕೇ ಕಳಿಸ್ತೀರಿ. ನಂಗೂ ರಾಜನ್ನೇ ಕೊಡಿ.”

ಅವಳಿಗೆ ಲೊಕ್ಕನಹಳ್ಳಿಯನ್ನು ಕೊಟ್ಟೆ. “ಆ ಕಾಡಂಚ್ನಲ್ಲಿ ಆನೆ ಕಾಟ ಅಲ್ವಾ?” ಎಂದು ಮುಖ ಸಿಂಡರಿಸಿದಳು. “ಆನೆಯೆಲ್ಲಾ ನಿನ್ನ ಸೈನ್ಯ ಅಂದ್ಕೋ” ಅಂದೆ. ಮುಖ ಅರಳಿತು.

ರುದ್ರಾಣಿ ಸುಮ್ಮನಿರುತ್ತಾಳೆಯೇ? ಕಡಲೆಪುರಿಗೆ ಕೊಬ್ಬರಿ ಬೆರೆಸಿದಳು. ನಾನು ಕಾಫಿ ಕೊಟ್ಟೆ. ಅವಳು ಬೆಲ್ಲದ ಪಾನಕ ಕೊಟ್ಟಳು. ನಾನು ಕೊನೆಗೆ ಬ್ರಹ್ಮಾಸ್ತ್ರವನ್ನೇ ಬಿಟ್ಟೆ.

“ಎದುರು ಮನೇಲಿ ಜಗಲಿ ಇಳಿದ್ರೆ ಪಾತ್ರ ಮುಗೀತು. ನಮ್ಮಲ್ಲಿ ಅಂಗಿಲ್ಲ! ಕಾಯಿ ನಡುಮನೆ ಸೇರಿ ಹಣ್ಣಾಗೋಗಂಟ ರಾಜ ರಾಜನೇ! ಮನೇಲೂ ರಾಜ, ಮಗ್ಗದಲ್ಲೂ ರಾಜ! ರಾಜ ಕೂಲಿ ಕೆಲಸ ಮಾಡಿದ್ದು ಯಾರ ಕಣ್ಣಿಗಾದ್ರೂ ಬಿದ್ರೆ ಕಾಯಿ ವಾಪಸ್ಸು!”

ಬೀದಿಗೆ ಬೀದಿಯೇ ಚಪ್ಪಾಳೆ ಹೊಡೆಯಿತು. ಸಂಜೆಯೊಳಗೆ ರುದ್ರಾಣಿಯೂ ಅದೇ ನಿಯಮವನ್ನು ತನ್ನ ಜಗಲಿಗೆ ತಂದಳು. ಕದ್ದರೆ ಕದಿಯಲಿ ಎಂದು ನಾನು ಮೀಸೆಯಿಲ್ಲದೆಯೇ ಮೀಸೆ ತಿರುವಿದೆ. ಸುಬ್ಬಯ್ಯ ಮನೆಯಲ್ಲಿ ಕೊಡಪಾನ ಮುಟ್ಟಲಿಲ್ಲವಂತೆ. ಪುಟ್ಟಸಿದ್ದಯ್ಯ ತಾನೇ ಸ್ನಾನ ಮಾಡುವುದು ಕೂಲಿ ಕೆಲಸವೋ ಅಲ್ಲವೋ ಎಂದು ಕೇಳಿ ಕಳಿಸಿದ. ಇತ್ತ ನಮ್ಮ ಯಜಮಾನರು ಮಾತೇ ಬಿಟ್ಟರು. ಕಾಫಿ ಬೇಕೆಂದರೆ ಒಂದು ಅರಚು, ಸಕ್ಕರೆ ಸಾಲದೆಂದರೆ ಎರಡು!

ಇಷ್ಟರಲ್ಲಿ ಬಂತು ನೋಡಿ, ಹಾಸಿನ ದಿನ.

ನಮ್ಮ ಮೊಮ್ಮಗಳು ಶಿವರತ್ನಮ್ಮನಿಗೆ ಯಳಂದೂರಿನ ಹುಡುಗನೊಂದಿಗೆ ಶ್ರಾವಣದಲ್ಲಿ ಮುಹೂರ್ತ. ಅವಳ ಧಾರೆ ಸೀರೆಯನ್ನು ಅಜ್ಜನ ಮಗ್ಗದಲ್ಲೇ ನೇಯಬೇಕೆಂದು ಹುಟ್ಟಿದ ದಿನವೇ ಹೇಳಿಕೊಂಡಿದ್ದೆವು. ಹಾಸು ಎಂದರೆ ಸೀರೆಯ ಉದ್ದೆಳೆಗಳು; ಆ ರೇಷ್ಮೆಯ ಹಾಸನ್ನು ಮಗ್ಗಕ್ಕೇರಿಸುವ ಮುಂಚೆ ಬೀದಿಯುದ್ದಕ್ಕೂ ಎಳೆದು, ಗಂಜಿ ಸವರಿ, ಬಿಸಿಲು ಏರುವುದರೊಳಗೆ ಸುತ್ತಿಬಿಡಬೇಕು. ಅದು ಒಂದು ಮನೆಯವರಿಂದ ಆಗುವ ಕೆಲಸವಲ್ಲ. ಯಾರ ಮನೆಯ ಹಾಸಾದರೂ ಬೀದಿಯವರೆಲ್ಲ ಬಂದು ಕೈ ಕೊಡುವುದು ನಮ್ಮಲ್ಲಿ ಅಜ್ಜಂದಿರ ಕಾಲದ ಪದ್ಧತಿ. ಆ ನೂಲು ಕೆಟ್ಟರೆ ಮತ್ತೆ ಬಣ್ಣ ಕಟ್ಟಿಸಿ ನೇಯುವಷ್ಟು ದಿನವೂ ಉಳಿದಿರಲಿಲ್ಲ. ಮಗು ಯಾರೋ ನೇಯ್ದ ಸೀರೆಯಲ್ಲಿ ಹಸೆಮಣೆ ಏರಬೇಕಾಗುತ್ತಿತ್ತು.

ಬೆಳಿಗ್ಗೆ ಯಜಮಾನರು ಒಂದು ತುದಿ ಗೂಟಕ್ಕೆ ಕಟ್ಟಿ ಹಾಸು ಬಿಚ್ಚಿದರು. ಎದುರು ಜಗಲಿಯವರನ್ನು ನಾನು ಹಟಕ್ಕೆ ಕರೆದಿರಲಿಲ್ಲ. ನಮ್ಮ ಜಗಲಿಯ ರಾಜರೆಲ್ಲ ಬಂದರು. ಬಂದು ಸಾಲಾಗಿ ನಿಂತರು. ಕೈ ಕಟ್ಟಿಕೊಂಡು!

“ಯಾಕಪ್ಪಾ ನಿಂತ್ಬುಟ್ರಿ? ಹಿಡೀರಿ!” ಅಂದೆ.

ಸುಬ್ಬಯ್ಯ ಗಂಟಲು ಸರಿಮಾಡಿಕೊಂಡ. “ರಾಜ್ರು ದಾರ ಹಿಡೀತಾರಾ ರಂಗಕ್ಕ? ನನ್ನ ಕಾಯಿ ಹಣ್ಣಾಗೋಕೆ ಇನ್ನೆರಡೇ ಮನೆ. ಈಗ ವಾಪಸ್ಸು ಓಗ್ಬುಟ್ರೆ?”

“ಅಯ್ಯೋ, ಆ ರೂಲು ಮಾಡ್ದೋಳು ನಾನೇ ಕನಪ್ಪಾ! ನಾನೇ ತೆಗ್ದಾಕಿವ್ನಿ, ಹಿಡಿ!”

“ಅದೆಂಗಾದದು?” ಎಂದ ಮಾದಸ್ವಾಮಿ. “ರಾಜಾಜ್ಞೆ ತೆಗೆಯೋಕೆ ನೀವೇನು ರಾಜ್ರಾ?”

ನಿಜ! ಎಲ್ಲರಿಗೂ ಕಿರೀಟ ಹಂಚಿ, ನನಗೆಂದು ಒಂದು ಹಳ್ಳಿಯನ್ನೂ ಇಟ್ಟುಕೊಂಡಿರಲಿಲ್ಲ!

“ಪ್ರಭುಗಳೇ, ನಿಮ್ಮ ದಮ್ಮಯ್ಯ” ಅಂದೆ. ಚನ್ನಾಜಮ್ಮ ಗಂಭೀರವಾಗಿ ತಲೆದೂಗಿ, “ನಮ್ಮ ಆನೆಗಳ್ನ ಕಳಿಸ್ಕೊಡ್ತೀವಿ” ಅಂದಳು.

ಆಗಲೇ ಆಷಾಢದ ಗಾಳಿ ಬೀದಿಯ ತುದಿಯಿಂದ ಹೊರಟಿತು. ಹಸಿ ಗಂಜಿ ಸವರಿದ ಹಾಸು ಹಾವಿನ ಹಾಗೆ ಎದ್ದು ಕುಣಿಯತೊಡಗಿತು. ಎಳೆಗಳು ಪಟ್ ಪಟ್ ಎಂದು ಹರಿಯತೊಡಗಿದವು. ಸುಬ್ಬಯ್ಯ ಮುಂದೆ ಬಂದು ಕೈ ಎತ್ತಿದ.

“ಎಲೈ ಗಾಳಿಯೇ, ನಿಲ್ಲು! ಇದು ಕೊಳ್ಳೇಗಾಲದ ರಾಜನ ಅಪ್ಪಣೆ!”

ನಿಲ್ಲಲಿಲ್ಲ. ಬಹುಶಃ ಆ ಗಾಳಿ ಹನೂರಿನ ಪ್ರಜೆ.

ನಾನು ಹಾಸಿನ ಕೆಳಗೆ ಎರಡೂ ಕೈ ಚಾಚಿ ಓಡಿದೆ. ಒಂದು ಕಡೆ ಎತ್ತಿದರೆ ಇನ್ನೊಂದು ಕಡೆ ಧೂಳಿಗೆ ಬೀಳುತ್ತಿತ್ತು. ಕಣ್ಣು ತುಂಬಿಬಂತು. ಯಜಮಾನರತ್ತ ತಿರುಗಿ ಕಿರುಚಿದೆ: “ಯಾರನ್ನಾದ್ರೂ ಕೂಗ್ರೀ!”

ಅವರು ನನ್ನನ್ನು ನೋಡಿದರು, ಹಾಸನ್ನು ನೋಡಿದರು. ತುದಿಯನ್ನು ಎದೆಗೆ ಅವುಚಿಕೊಂಡು, ಎದುರು ಜಗಲಿಯತ್ತ ಕತ್ತೆತ್ತಿ, ಬೀದಿ ನಡುಗುವಂತೆ ಅರಚಿದರು.

ಅಲ್ಲಿಂದ ಉತ್ತರವಾಗಿ ಇನ್ನೊಂದು ಅರಚು. ಆಮೇಲೆ ಮತ್ತೊಂದು. ಆಮೇಲೆ ಒಂದು ಎಮ್ಮೆ! ರುದ್ರಾಣಿಯ ಜಗಲಿಯಿಂದ ಕತ್ತೆ, ಎಮ್ಮೆ, ಎತ್ತುಗಳೆಲ್ಲ ದಡದಡನೆ ಇಳಿದವು. ಹೊರುವುದು, ಎಳೆಯುವುದು, ಹೇಳಿದಲ್ಲಿ ನಿಲ್ಲುವುದು, ಇವೇ ಅವರ ಪಾತ್ರ! ಒಬ್ಬೊಬ್ಬರು ಒಂದೊಂದು ಕಡೆ ಹಾಸನ್ನು ಹೆಗಲ ಮಟ್ಟಕ್ಕೆ ಎತ್ತಿ ಹಿಡಿದು ಗಾಳಿಗೆ ಬೆನ್ನು ಕೊಟ್ಟರು. ಕತ್ತೆಗೆ ಮಾತಿಲ್ಲವಲ್ಲ, ಸಲಹೆ ಕೊಡುವವರೂ ಇಲ್ಲ! ಹಾಸು ಎಳೆಯುವಾಗ ನಮ್ಮ ಬೀದಿ ಅಷ್ಟು ಮೌನವಾಗಿದ್ದುದನ್ನು ನಾನು ಹಿಂದೆಂದೂ ಕಂಡಿರಲಿಲ್ಲ.

ರುದ್ರಾಣಿ ಸೆರಗು ಸಿಕ್ಕಿಸಿ ಬಂದು ಹರಿದ ಎಳೆಗಳನ್ನು ಗಂಟು ಹಾಕತೊಡಗಿದಳು. ಅವಳ ಬೆರಳಿನ ಚುರುಕು ಈ ಬೀದಿಯಲ್ಲಿ ಬೇರೆ ಯಾರಿಗೂ ಇಲ್ಲ. ಹೊಟ್ಟೆಕಿಚ್ಚಿನಲ್ಲೂ ಇದನ್ನು ಒಪ್ಪುತ್ತಿದ್ದೆ.

“ರುದ್ರಾಣಿ...” ಎಂದೆ. ಸೆರಗಿನಿಂದ ಕಣ್ಣೊರೆಸಿಕೊಂಡೆ.

“ಅಳ್ಬ್ಯಾಡಿ ರಂಗಕ್ಕ, ಗಂಜಿ ನೀರಾಯ್ತದೆ” ಅಂದಳು. “ಮಗೀನ ಧಾರೆ ಸೀರೆ ಕನಿ. ಆಟ ಆಮೇಲೆ.”

ಬಿಸಿಲು ಏರುವಷ್ಟರಲ್ಲಿ ಹಾಸು ಒಣಗಿ, ಸುತ್ತಿ, ಮಗ್ಗದ ಮನೆ ಸೇರಿತ್ತು. ಸಂಜೆಗೆ ನನ್ನ ರಾಜರೆಲ್ಲ ತಲೆ ತಗ್ಗಿಸಿಕೊಂಡು ದಾರಿ ದಾಟಿ, ಕತ್ತೆಯ ಪಾತ್ರ ಕೊಡೆಂದು ರುದ್ರಾಣಿಯ ಜಗಲಿಯ ಮುಂದೆ ಸಾಲುಗಟ್ಟಿದರು. ಸುಬ್ಬಯ್ಯನಿಗೆ ಕತ್ತೆಯ ಬಾಲದಷ್ಟೂ ಜಾಗ ಸಿಗಲಿಲ್ಲವಂತೆ. ಕೊನೆಗೆ ನಾನೂ ಕಾಫಿ ಚೊಂಬು ಹಿಡಿದು ಹೋದೆ.

“ಬನ್ನಿ ರಂಗಕ್ಕ, ನಿಮ್ಗೂ ಒಂದು ಪಾತ್ರ ಮಡಗಿವ್ನಿ” ಅಂದಳು ರುದ್ರಾಣಿ.

“ಯಾವುದವ್ವ? ರಾಣೀನಾ?” ನಾಲಿಗೆಯ ಚಪಲ ಎಲ್ಲಿ ಹೋಗುತ್ತದೆ!

“ಕತ್ತೆ ಕಾಯೋಳು. ನಿಮ್ಮ ಯಜಮಾನ್ರೇ ಯೋಳವ್ರೆ, ಮದುವೆ ಆದಾಗಿಂದ ಒಂದು ಕತ್ತೇನ ಕಾಯ್ತಾ ಅವ್ಳೆ, ಕಲಿಸೋದೇ ಬ್ಯಾಡ ಅಂತ!”

“ಕತ್ತೆಗೆ ಮಾತಿಲ್ಲ ಅಲ್ವಾ?” ಎಂದು ನಾನು ಯಜಮಾನರತ್ತ ತಿರುಗಿದೆ. ಅವರು ತಕ್ಷಣ ಒಂದು ಸಲ ಅರಚಿದರು. ಚೊಂಬು ಮುಂದಿಟ್ಟೆ. ಒಂದು ಗುಟುಕು ಕುಡಿದು, ಎರಡು ಸಲ ಅರಚಿದರು.

ಮಾರನೆಯ ಬೆಳಿಗ್ಗೆ ಒಂದು ಬಿಂದಿಗೆ ನೀರು, ಒಂದು ಪೊರಕೆ ಹಿಡಿದು ನಮ್ಮ ಜಗಲಿಗೆ ಬಂದೆ. ಕೊಳ್ಳೇಗಾಲ, ಹನೂರು, ಯಳಂದೂರು ಎಂದು ರಾಜರು ಕೂರುವ ಜಾಗದಲ್ಲಿ ನಾನೇ ಸೀಮೆಸುಣ್ಣದಲ್ಲಿ ಬರೆದಿದ್ದ ಸಂಸ್ಥಾನಗಳೆಲ್ಲ ಅಲ್ಲೇ ಇದ್ದವು. ಒಳಗಿನಿಂದ ಮಗ್ಗದ ಸದ್ದು ಕೇಳುತ್ತಿತ್ತು. ನೀರು ಸುರಿದು, ಸೆರಗು ಸಿಕ್ಕಿಸಿ, ಗುಡಿಸತೊಡಗಿದೆ.